ಆಕಾಶಮಾರ್ಗದ ಸುರಕ್ಷತೆಯೂ ನಮ್ಮ ಮಂಡಕಳ್ಳಿಯೂ

ಮೈಸೂರು ನಗರಕ್ಕೆ ದಕ್ಷಿಣದಲ್ಲಿ, ನಂಜನಗೂಡಿನ ಹೆದ್ದಾರಿಯ ಮಗ್ಗುಲಲ್ಲಿರುವ ಮಂಡಕಳ್ಳಿಯ ವಿಮಾನ ನಿಲ್ದಾಣವನ್ನು ವಿಸ್ತರಿಸಬೇಕೆಂಬ ವಿಷಯವು ಹಲವು ವರ್ಷಗಳಿಂದ ನಮ್ಮ ಪೌರರ ಸಭೆಗಳಲ್ಲಿಯೂ, ವರ್ತಕರ ಮನವಿಪತ್ರಗಳಲ್ಲಿಯೂ, ಜನಪ್ರತಿನಿಧಿಗಳ ಭಾಷಣಗಳಲ್ಲಿಯೂ ಮೇಲಿಂದ ಮೇಲೆ ಪ್ರಸ್ತಾಪಕ್ಕೆ ಬರುತ್ತಲಿದೆ. ೨೦೧೦ನೆಯ ಇಸವಿಯ ಮೇ ತಿಂಗಳಲ್ಲಿ ಅಲ್ಲಿಯ ಹೊಸ ಕಟ್ಟಡವು ಉದ್ಘಾಟಿತವಾಗಿ, ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಯಾಣಿಕರ ವಿಮಾನಗಳು ಬರತೊಡಗಿದುವು. ರನ್‌ವೇಯ ಉದ್ದವು ಸುಮಾರು ೧,೭೪೦ ಮೀಟರುಗಳಷ್ಟೇ ಆದುದರಿಂದ ಎ.ಟಿ.ಆರ್. ಜಾತಿಯ ವಿಮಾನಗಳಿಗೆ ಅದು ಸಾಲುವುದೇ ಹೊರತು ದೊಡ್ಡ ಜೆಟ್ ವಿಮಾನಗಳಿಗೆ ಸಾಲದು. ಅದು ಉದ್ದವಾಗಬೇಕು, ದೂರದೂರದ ನಗರಗಳಿಗೆ ಇಲ್ಲಿಂದಲೇ ನೇರವಾಗಿ ಹೋಗಿಬರುವಂತಾಗಬೇಕು ಎಂಬ ಅಪೇಕ್ಷೆಯು ನ್ಯಾಯವಾದುದು. ಅದಕ್ಕೆ ನಮ್ಮ ಸಂಪೂರ್ಣ ಬೆಂಬಲವುಂಟು.

ಆದರೆ ಈ ಚರ್ಚೆಯೆಲ್ಲವೂ ನೆಲದ ಮೇಲಣ ಚರ್ಚೆಯಾಗಿಯೇ ನಿಂತಿದೆ. ಎಷ್ಟು ಎಕರೆ ಜಮೀನು ಬೇಕು, ಹೆದ್ದಾರಿಯನ್ನು ಹೇಗೆ ಹಾಯಿಸಬೇಕು, ಹಣವನ್ನು ಯಾರು ಕೊಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಆ ರನ್‌ವೇಯ ಮೇಲಿರುವ ಆಕಾಶದಲ್ಲಿ ವಿಮಾನವೊಂದು ಇನ್ನೊಂದನ್ನು ಹೇಗೆ ಅರಿಯುವುದು, ಹೇಗೆ ತಪ್ಪಿಸಿಕೊಳ್ಳುವುದು ಎಂಬುದನ್ನು ಕೇಳುವವರು ವಿರಳ. ಮಂಡಕಳ್ಳಿಯ ವಿಷಯದಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವುಂಟು. ಏಕೆಂದರೆ, ಪ್ರಯಾಣಿಕರ ವಿಮಾನಗಳು ಇಳಿಯುವ ಅದೇ ನೆಲದಿಂದ ವಿಮಾನ ನಡೆಸುವುದನ್ನು ಕಲಿಯುವ ಯುವಕ ಯುವತಿಯರ ಪುಟ್ಟ ವಿಮಾನಗಳೂ ಏರಿಳಿಯುತ್ತವೆ. ಅನುಭವಿಯೂ ಅಭ್ಯಾಸಿಯೂ ಒಂದೇ ಹಾದಿಯನ್ನು ಹಂಚಿಕೊಳ್ಳುವಲ್ಲಿ ಎಚ್ಚರದ ಏರ್ಪಾಡು ಎಲ್ಲಕ್ಕಿಂತ ಮುಂಚೆ ಆಗಬೇಕಾದುದು. ಈ ವಿಷಯಕ್ಕೆ ನಮ್ಮ ವಾಚಕರ ಮತ್ತು ಅಧಿಕಾರಿವರ್ಗದವರ ಗಮನವನ್ನು ಸೆಳೆಯಬೇಕೆಂಬುದೇ ಈ ಲೇಖನದ ಉದ್ದೇಶ.

ಆಕಾಶವು ಅಪಾರವಾದುದು, ಅಲ್ಲಿ ಎರಡು ವಿಮಾನಗಳು ಢಿಕ್ಕಿ ಹೊಡೆಯುವುದೆಂದರೇನು ಎಂದು ಕೆಲವರು ಕೇಳಬಹುದು. ಆಕಾಶವು ಅಪಾರವೇ ಸರಿ. ಆದರೆ ವಿಮಾನಗಳು ಮನಬಂದತ್ತ ತಿರುಗುವುದಿಲ್ಲ. ಅವುಗಳಿಗೂ ಗೊತ್ತಾದ ಹಾದಿಗಳುಂಟು, ಗೊತ್ತಾದ ಎತ್ತರಗಳುಂಟು. ಆ ಹಾದಿಗಳೆಲ್ಲವೂ ಕಡೆಗೆ ಒಂದೊಂದು ನಿಲ್ದಾಣದ ಬಾಗಿಲಲ್ಲಿ ಬಂದು ಕೂಡುತ್ತವೆ. ಸುತ್ತಣ ಊರುಗಳ ರಸ್ತೆಗಳೆಲ್ಲವೂ ನಮ್ಮ ಕೃಷ್ಣರಾಜ ವೃತ್ತದಲ್ಲಿ ಬಂದು ಸೇರಿದರೆ ಹೇಗೋ ಹಾಗೆ. ಬಯಲಿನಲ್ಲಿ ಗಾಡಿಗೆ ಗಾಡಿ ತಗಲುವುದು ಅಪರೂಪ, ವೃತ್ತದಲ್ಲಿ ಅಪರೂಪವಲ್ಲ.

ಇನ್ನು ವೇಗದ ವಿಚಾರ. ಗಂಟೆಗೆ ೮೦೦ ಕಿಲೋಮೀಟರಿನಂತೆ ಎದುರುಬದುರಾಗಿ ಬರುವ ಎರಡು ವಿಮಾನಗಳ ನಡುವೆ ೧೦ ಕಿಲೋಮೀಟರಿನ ಅಂತರವಿದ್ದರೆ, ಆ ಅಂತರವೆಲ್ಲ ಕರಗಿಹೋಗುವುದಕ್ಕೆ ೨೩ ಸೆಕೆಂಡುಗಳು ಸಾಕು. ಎದುರಿನ ವಸ್ತುವು ಕಣ್ಣಿಗೆ ಬಿದ್ದು, ಅದು ವಿಮಾನವೆಂದು ಮನಸ್ಸಿಗೆ ಹೊಳೆದು, ಕೈ ಚಲಿಸಿ, ವಿಮಾನವು ಓರೆಯಾಗುವುದಕ್ಕೆ ೧೨ ಸೆಕೆಂಡುಗಳಿಗೂ ಮೀರಿದ ಕಾಲ ಬೇಕೆಂದು ಬಲ್ಲವರು ಲೆಕ್ಕ ಹಾಕಿದ್ದಾರೆ. ಅಷ್ಟು ದೂರದಲ್ಲಿ ಎದುರಿನ ವಿಮಾನವು ಒಂದು ಸಣ್ಣ ಚುಕ್ಕೆ ಮಾತ್ರ. ಇದಕ್ಕಿಂತಲೂ ಮೋಸದ ಸಂಗತಿಯೊಂದುಂಟು: ನೇರವಾಗಿ ಬಂದು ತಗಲಲಿರುವ ವಿಮಾನವು ಚಾಲಕನ ಗಾಜಿನ ಮೇಲೆ ಅತ್ತಿತ್ತ ಸರಿಯದೆ ಒಂದೇ ಸ್ಥಾನದಲ್ಲಿ ನಿಂತಂತೆ ಕಾಣುತ್ತದೆ. ಮನುಷ್ಯನ ಕಣ್ಣು ಚಲಿಸುವುದನ್ನು ಬೇಗ ಹಿಡಿಯುವುದು, ನಿಂತದ್ದನ್ನು ಬೇಗ ಹಿಡಿಯದು. ಯಾವುದನ್ನು ಮೊದಲು ಕಾಣಬೇಕೋ ಅದೇ ಕಡೆಗೆ ಕಾಣುತ್ತದೆ. ಆದಕಾರಣ ಕಣ್ಣನ್ನೊಂದೇ ನಂಬಿ ಹಾರುವ ಕಾಲವು ಎಂದೋ ಕಳೆದುಹೋಯಿತು.

ಕಣ್ಣಿನ ನೆರವಿಗೆ ಮೊದಲು ಬಂದುದು ರೇಡಾರ್ ಯಂತ್ರ. ನೆಲದಿಂದ ರೇಡಿಯೋ ಅಲೆಯನ್ನು ಕಳುಹಿಸಿ, ವಿಮಾನದ ಮೈಗೆ ತಾಗಿ ಮರಳುವ ಪ್ರತಿಧ್ವನಿಯಿಂದ ವಿಮಾನವೆಲ್ಲಿದೆಯೆಂಬುದನ್ನು ಅದು ತಿಳಿಯುತ್ತದೆ. ಆದರೆ ಹಳೆಯ ಬಗೆಯ ರೇಡಾರಿಗೆ ವಿಮಾನದ ಎತ್ತರವು ತಿಳಿಯದು. ಎರಡನೆಯ ಬಗೆಯ ರೇಡಾರು ವಿಮಾನವನ್ನು ಪ್ರಶ್ನೆ ಕೇಳುತ್ತದೆ. ವಿಮಾನದಲ್ಲಿರುವ ಪ್ರತಿವಾದಕ ಯಂತ್ರವು ತನ್ನ ಗುರುತನ್ನೂ ಎತ್ತರವನ್ನೂ ಉತ್ತರವಾಗಿ ಹೇಳುತ್ತದೆ. ಅರಮನೆಯ ಬಾಗಿಲಲ್ಲಿ ಕಾವಲುಗಾರನು ‘ಯಾರದು?’ ಎಂದು ಕೂಗಿದರೆ ಬರುವವನು ಹೆಸರು ಹೇಳಿದಂತೆ ಈ ವ್ಯವಸ್ಥೆ.

ಇವೆರಡಕ್ಕೂ ಇರುವ ಅಂತರವನ್ನು ನಮ್ಮ ದೇಶವು ಬಹು ದೊಡ್ಡ ಬೆಲೆ ತೆತ್ತು ಕಲಿಯಬೇಕಾಯಿತು. ೧೯೯೬ನೆಯ ಇಸವಿಯ ನವೆಂಬರ್ ೧೨ರ ಸಂಜೆ, ದೆಹಲಿಯ ಪಶ್ಚಿಮಕ್ಕಿರುವ ಚರ್ಖಿ ದಾದ್ರಿಯ ಮೇಲೆ, ದೆಹಲಿಯಿಂದ ಹೊರಟ ಸೌದಿ ಅರೇಬಿಯದ ವಿಮಾನವೂ, ದೆಹಲಿಗೆ ಬರುತ್ತಿದ್ದ ಕಜಕಸ್ತಾನದ ವಿಮಾನವೂ ಒಂದಕ್ಕೊಂದು ಢಿಕ್ಕಿ ಹೊಡೆದು ೩೪೯ ಜನರು ಮೃತರಾದರು, ಒಬ್ಬರೂ ಉಳಿಯಲಿಲ್ಲ. ಮೊದಲನೆಯದಕ್ಕೆ ೧೪,೦೦೦ ಅಡಿಗಳವರೆಗೆ ಏರಲು, ಎರಡನೆಯದಕ್ಕೆ ೧೫,೦೦೦ ಅಡಿಗಳವರೆಗೆ ಮಾತ್ರ ಇಳಿಯಲು ಅಪ್ಪಣೆಯಿದ್ದಿತು. ಎರಡನೆಯದು ಆ ಎಲ್ಲೆಯನ್ನು ಮೀರಿ ಕೆಳಗಿಳಿಯಿತು. ನಿಯಂತ್ರಣಾಧಿಕಾರಿಯ ಮುಂದಿದ್ದ ರೇಡಾರು ಎತ್ತರವನ್ನು ತೋರಿಸತಕ್ಕದ್ದಾಗಿರಲಿಲ್ಲ. ಹೋಗುವವರಿಗೂ ಬರುವವರಿಗೂ ಇದ್ದುದು ಒಂದೇ ಹಾದಿ. ನ್ಯಾಯಮೂರ್ತಿ ಲಾಹೋಟಿಯವರ ನೇತೃತ್ವದಲ್ಲಿ ವಿಚಾರಣೆ ನಡೆದ ಬಳಿಕ ಹಾದಿಗಳು ಬೇರೆ ಬೇರೆಯಾದುವು, ಹೊಸ ರೇಡಾರುಗಳು ಬಂದುವು, ದೊಡ್ಡ ವಿಮಾನಗಳಲ್ಲಿ ಢಿಕ್ಕಿ ನಿವಾರಕ ಯಂತ್ರವಿರಲೇಬೇಕೆಂಬ ನಿಯಮವೂ ಬಂದಿತು.

ಈ ಢಿಕ್ಕಿ ನಿವಾರಕ ಯಂತ್ರವು ನೆಲದ ರೇಡಾರಿನ ಕೆಲಸವನ್ನು ಆಕಾಶದಲ್ಲಿಯೇ ಮಾಡುತ್ತದೆ. ಒಂದು ವಿಮಾನದ ಯಂತ್ರವು ಸುತ್ತಲಿರುವ ವಿಮಾನಗಳನ್ನು ಪ್ರಶ್ನಿಸಿ, ಬರುವ ಉತ್ತರದಿಂದ ದೂರವನ್ನೂ ಎತ್ತರವನ್ನೂ ಎಣಿಸಿ, ಅಪಾಯ ಕಂಡರೆ ಮೊದಲು ಎಚ್ಚರಿಕೆಯನ್ನೂ, ಆಮೇಲೆ ‘ಏರು’ ಅಥವಾ ‘ಇಳಿ’ ಎಂಬ ಆಜ್ಞೆಯನ್ನೂ ಕೊಡುತ್ತದೆ. ಎರಡು ವಿಮಾನಗಳಲ್ಲಿಯೂ ಯಂತ್ರವಿದ್ದರೆ ಅವು ತಮ್ಮಲ್ಲಿಯೇ ಮಾತಾಡಿಕೊಂಡು ಒಂದನ್ನು ಏರಿಸಿ ಮತ್ತೊಂದನ್ನು ಇಳಿಸುತ್ತವೆ. ೨೦೦೨ನೆಯ ಇಸವಿಯ ಜುಲೈ ೧ರ ರಾತ್ರಿ ಜರ್ಮನಿಯ ಊಬರ್‌ಲಿಂಗೆನ್ ಎಂಬಲ್ಲಿ ರಷ್ಯದ ವಿಮಾನಕ್ಕೆ ಯಂತ್ರವು ಏರೆಂದಿತು, ನೆಲದ ಅಧಿಕಾರಿಯು ಇಳಿಯೆಂದನು. ಚಾಲಕರು ಅಧಿಕಾರಿಯ ಮಾತಿನಂತೆ ನಡೆದರು. ಎದುರಿನ ಸರಕು ವಿಮಾನವು ತನ್ನ ಯಂತ್ರದ ಮಾತಿನಂತೆ ಇಳಿಯುತ್ತಿದ್ದಿತು. ಸತ್ತವರು ೭೧ ಮಂದಿ, ಅವರಲ್ಲಿ ೫೨ ಮಂದಿ ಮಕ್ಕಳು. ಅಂತಹ ಗಳಿಗೆಯಲ್ಲಿ ಯಂತ್ರದ ಆಜ್ಞೆಯೇ ಮೇಲು ಎಂಬ ನಿಯಮವು ಆ ಬಳಿಕ ಜಗತ್ತಿನಲ್ಲೆಲ್ಲ ದೃಢವಾಯಿತು.

ರೇಡಾರಾಗಲಿ ಢಿಕ್ಕಿ ನಿವಾರಕವಾಗಲಿ, ಇವೆರಡರಲ್ಲಿಯೂ ಕೇಳುವವನೊಬ್ಬನಿದ್ದರೆ ಮಾತ್ರ ಹೇಳುವವನುಂಟು. ಈಗ ಜಗತ್ತಿನಲ್ಲೆಲ್ಲ ಬಳಕೆಗೆ ಬರುತ್ತಿರುವ ಹೊಸ ಪದ್ಧತಿಯು ಈ ಕ್ರಮವನ್ನೇ ಬದಲಿಸಿದೆ. ಎ.ಡಿ.ಎಸ್.-ಬಿ. ಎಂಬ ಅಕ್ಷರಗಳಿಂದ ವೈಮಾನಿಕರು ಕರೆಯುವ ಈ ಪದ್ಧತಿಯಲ್ಲಿ ವಿಮಾನವು ಯಾರ ಪ್ರಶ್ನೆಗೂ ಕಾಯದೆ, ‘ನಾನು ಇಂಥವನು, ಇಂಥ ಸ್ಥಾನದಲ್ಲಿ, ಇಷ್ಟು ಎತ್ತರದಲ್ಲಿ, ಇಷ್ಟು ವೇಗದಿಂದ, ಇಂಥ ದಿಕ್ಕಿಗೆ ಹೋಗುತ್ತಲಿದ್ದೇನೆ’ ಎಂದು ತನಗೆ ತಾನೇ ಸಾರುತ್ತ ಹೋಗುತ್ತದೆ. ಕೇಳಬಲ್ಲ ಯಂತ್ರವುಳ್ಳವರೆಲ್ಲರೂ ಅದನ್ನು ಕೇಳಬಹುದು.

ಈ ತತ್ತ್ವವು ಮೈಸೂರಿನವರಿಗೆ ಹೊಸದಲ್ಲ. ೧೯೩೫ನೆಯ ಇಸವಿಯಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಈ ನಗರದ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ರೇಡಿಯೋ ಪ್ರೇಷಕವನ್ನು ಸ್ಥಾಪಿಸಿ ಪ್ರಸಾರವನ್ನಾರಂಭಿಸಿದರು. ಅದಕ್ಕೆ ಆಕಾಶವಾಣಿಯೆಂದು ಹೆಸರಾಯಿತು; ಆ ಹೆಸರು ಮುಂದೆ ಭರತಖಂಡದ ರೇಡಿಯೋ ಸಂಸ್ಥೆಗೇ ಹೆಸರಾಯಿತು. ಪ್ರಸಾರ ಮಾಡುವವನಿಗೆ ಕೇಳುವವರು ಯಾರೆಂಬುದು ತಿಳಿಯಬೇಕಾಗಿಲ್ಲ. ಅಂಗಡಿಯವನೂ ಕೇಳಬಹುದು, ಅಮಲ್ದಾರನೂ ಕೇಳಬಹುದು. ಪ್ರತಿಯೊಂದು ವಿಮಾನವೂ ತನ್ನದೇ ಒಂದು ಪುಟ್ಟ ಆಕಾಶವಾಣಿಯನ್ನು ಹೊತ್ತು ಹಾರುವುದೆಂದರೆ ಈ ಹೊಸ ಪದ್ಧತಿಯ ಸಾರವೆಲ್ಲವನ್ನೂ ಹೇಳಿದಂತಾಯಿತು.

ಅದರ ಕೆಲಸವು ಹೀಗೆ ನಡೆಯುತ್ತದೆ. ವಿಮಾನದಲ್ಲಿರುವ ಗ್ರಾಹಕ ಯಂತ್ರವು ಉಪಗ್ರಹಗಳ ಸಂಕೇತಗಳಿಂದ ತನ್ನ ಸ್ಥಾನವನ್ನು ಕಂಡುಕೊಳ್ಳುತ್ತದೆ. ಎತ್ತರವನ್ನು ವಿಮಾನದ ವಾಯುಭಾರಮಾಪಕವು ಕೊಡುತ್ತದೆ. ಇವನ್ನೆಲ್ಲ ಒಂದು ಚಿಕ್ಕ ಸಂದೇಶವಾಗಿ ಕಟ್ಟಿ ೧,೦೯೦ ಮೆಗಾಹರ್ಟ್ಸಿನ ಅಲೆಯಲ್ಲಿ ಬಿಡಲಾಗುತ್ತದೆ. ಆ ಸಂದೇಶದ ಅವಧಿಯು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ. ಸ್ಥಾನದ ಸಂದೇಶವು ಸೆಕೆಂಡಿಗೆ ಸುಮಾರು ಎರಡು ಬಾರಿ ಹೊರಡುತ್ತದೆ. ನಿಲ್ದಾಣದ ರೇಡಾರು ಒಂದು ಸುತ್ತು ತಿರುಗಿ ಬರುವುದಕ್ಕೆ ನಾಲ್ಕೈದು ಸೆಕೆಂಡುಗಳೂ, ದೂರದ ಹಾದಿಗಳನ್ನು ನೋಡುವ ರೇಡಾರಿಗೆ ಹತ್ತು ಹನ್ನೆರಡು ಸೆಕೆಂಡುಗಳೂ ಹಿಡಿಯುತ್ತವೆಯೆಂಬುದನ್ನು ನೆನೆದರೆ ಹೊಸ ಪದ್ಧತಿಯ ಮೇಲ್ಮೆಯು ತಿಳಿದೀತು. ಪ್ರತಿ ವಿಮಾನಕ್ಕೂ ಬೇರೆ ಬೇರೆ ಗುರುತಿನ ಸಂಖ್ಯೆಯಿದೆ; ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಮೀರಿದ ಸಂಖ್ಯೆಗಳಿಗೆ ಅದರಲ್ಲಿ ಅವಕಾಶವಿರುವುದರಿಂದ ಒಂದರ ಗುರುತು ಇನ್ನೊಂದಕ್ಕೆ ಬೆರೆಯುವಂತಿಲ್ಲ.

ನೆಲದ ಮೇಲೆ ಇದನ್ನು ಕೇಳುವುದಕ್ಕೆ ತಿರುಗುವ ದೊಡ್ಡ ಯಂತ್ರವು ಬೇಡ, ಒಂದು ಕಂಬವೂ ಸಣ್ಣ ಪೆಟ್ಟಿಗೆಯೂ ಸಾಕು. ರೇಡಾರಿಗೆ ತಗಲುವ ವೆಚ್ಚದ ಒಂದು ಸಣ್ಣ ಭಾಗದಲ್ಲಿ, ರೇಡಾರನ್ನು ನಿಲ್ಲಿಸಲಾಗದ ಬೆಟ್ಟಗುಡ್ಡಗಳ ನಡುವೆಯೂ ದ್ವೀಪಗಳಲ್ಲಿಯೂ ಇದನ್ನಿಡಬಹುದು. ಸಾಗರದ ಮೇಲಣ ವಿಮಾನಗಳ ದನಿಯನ್ನು ಉಪಗ್ರಹಗಳಲ್ಲಿಟ್ಟ ಗ್ರಾಹಕಗಳೂ ಈಗ ಕೇಳುತ್ತಿವೆ. ರಸ್ತೆಗಳಿಲ್ಲದ ಅಲಾಸ್ಕ ಪ್ರಾಂತದಲ್ಲಿ ಸಣ್ಣ ವಿಮಾನಗಳೇ ಜನರ ಗಾಡಿಗಳು. ಅಲ್ಲಿ ೧೯೯೯ರಿಂದೀಚೆಗೆ ಅಮೆರಿಕದ ಸರ್ಕಾರದವರು ಈ ಯಂತ್ರವನ್ನು ಮೊದಲು ಪರೀಕ್ಷಿಸಿ ನೋಡಲಾಗಿ ಅಪಘಾತಗಳು ಗಣನೀಯವಾಗಿ ಇಳಿದುವು. ಆ ಅನುಭವವೇ ಮುಂದಿನ ಕಾನೂನಿಗೆ ಬುನಾದಿಯಾಗಿ, ೨೦೨೦ನೆಯ ಇಸವಿಯ ಜನವರಿ ೧ರಿಂದ ಆ ದೇಶದ ಬಹುಭಾಗದ ನಿಯಂತ್ರಿತ ಆಕಾಶದಲ್ಲಿ ಈ ಪ್ರಸಾರವು ಕಡ್ಡಾಯವಾಯಿತು. ನಮ್ಮಲ್ಲಿಯೂ ವಿಮಾನ ನಿಲ್ದಾಣ ಪ್ರಾಧಿಕಾರದವರು ಅನೇಕ ಸ್ಥಳಗಳಲ್ಲಿ ಗ್ರಾಹಕ ಕೇಂದ್ರಗಳನ್ನು ಸ್ಥಾಪಿಸಿದ್ದಾರೆ. ೨೯,೦೦೦ ಅಡಿಗಳಿಗೆ ಮೇಲಣ ಹಾದಿಗಳಲ್ಲಿ ಹಾರುವ ವಿಮಾನಗಳಿಗೆ ಈ ಯಂತ್ರವನ್ನು ವಿಧಿಸಿದ್ದಾರೆ.

ಇದರಲ್ಲಿ ಕನ್ನಡನಾಡಿನ ಪಾಲೂ ಅಲ್ಪವಲ್ಲ. ಉಪಗ್ರಹದ ಸಂಕೇತದಿಂದ ಕಂಡುಕೊಳ್ಳುವ ಸ್ಥಾನದಲ್ಲಿ ಸಣ್ಣಪುಟ್ಟ ತಪ್ಪುಗಳುಳಿಯುತ್ತವೆ; ಅವನ್ನು ತಿದ್ದಿ ಕೊಡುವುದಕ್ಕಾಗಿ ಭಾರತೀಯ ಬಾಹ್ಯಾಕಾಶ ಸಂಸ್ಥೆಯವರೂ ವಿಮಾನ ನಿಲ್ದಾಣ ಪ್ರಾಧಿಕಾರದವರೂ ಕೂಡಿ ‘ಗಗನ್’ ಎಂಬ ವ್ಯವಸ್ಥೆಯನ್ನು ನಿರ್ಮಿಸಿದ್ದಾರೆ. ಅದರ ಮುಖ್ಯ ನಿಯಂತ್ರಣ ಕೇಂದ್ರವು ಬೆಂಗಳೂರಿನಲ್ಲಿದೆ. ಅದರ ಸಂಕೇತಗಳನ್ನು ಹೊತ್ತ ಉಪಗ್ರಹಗಳನ್ನು ಕಾಯುವ ಕೇಂದ್ರವು ನಮ್ಮ ನೆರೆಯ ಹಾಸನದಲ್ಲಿದೆ. ೨೦೧೫ರ ಏಪ್ರಿಲ್ ತಿಂಗಳಲ್ಲಿ, ವಿಮಾನಗಳನ್ನು ಇಳಿಸುವ ಕಾರ್ಯಕ್ಕೂ ಅದು ಯೋಗ್ಯವೆಂದು ಮನ್ನಣೆ ದೊರೆಯಿತು. ಮನೆಯಲ್ಲಿ ದೀಪವನ್ನು ಹಚ್ಚಿಟ್ಟು ನಮ್ಮ ಮಕ್ಕಳೇ ಕತ್ತಲಲ್ಲಿ ನಡೆಯುವಂತಾದರೆ ಅದು ಶೋಭೆಯಲ್ಲ.

ನಾವು ಹೀಗೆ ಹೇಳುವುದಕ್ಕೆ ಕಾರಣವುಂಟು. ಈ ಪದ್ಧತಿಗೆ ಎರಡು ಅಂಗಗಳು: ಒಂದು ನುಡಿಯುವುದು, ಇನ್ನೊಂದು ಆಲಿಸುವುದು. ಕಾನೂನುಗಳು ಇದುವರೆಗೆ ಒತ್ತು ಕೊಟ್ಟಿರುವುದು ನುಡಿಯುವುದಕ್ಕೆ. ವಿಮಾನವು ನುಡಿದರೆ ನೆಲದ ಅಧಿಕಾರಿಗೆ ಕೇಳುವುದು ಸರಿಯೆ. ಪಕ್ಕದಲ್ಲಿ ಹಾರುವ ಇನ್ನೊಬ್ಬ ಚಾಲಕನಿಗೆ ಅದು ಕೇಳಬೇಕಾದರೆ ಅವನಲ್ಲಿ ಆಲಿಸುವ ಯಂತ್ರವೂ, ಕೇಳಿದ್ದನ್ನು ಚಿತ್ರವಾಗಿಯೋ ದನಿಯಾಗಿಯೋ ತಿಳಿಸುವ ಸಾಧನವೂ ಇರಬೇಕು. ಅಮೆರಿಕದ ೨೦೨೦ರ ನಿಯಮವೂ ನುಡಿಯುವುದನ್ನು ವಿಧಿಸಿತೇ ಹೊರತು ಆಲಿಸುವುದನ್ನು ವಿಧಿಸಲಿಲ್ಲ. ಎರಡು ನಾಲ್ಕು ಆಸನಗಳ ತರಬೇತಿ ವಿಮಾನಗಳಿಗೆ ದೊಡ್ಡ ವಿಮಾನಗಳಲ್ಲಿರುವ ಢಿಕ್ಕಿ ನಿವಾರಕದ ಕಡ್ಡಾಯವೂ ಇಲ್ಲ. ಎಲ್ಲರೂ ಕೂಗುವ, ಯಾರೂ ಕಿವಿಗೊಡದ ಸಂತೆಯಲ್ಲಿ ಕೂಗಿನಿಂದ ಪ್ರಯೋಜನವೇನು?

ಇದು ಕೇವಲ ತರ್ಕವಲ್ಲ. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ನಮ್ಮ ಮಂಗಳೂರಿನ ಹೆಸರನ್ನೇ ಹೊತ್ತ ಊರೊಂದುಂಟು. ಅದಕ್ಕೊಂದು ಸಣ್ಣ ವಿಮಾನ ನಿಲ್ದಾಣವೂ ಉಂಟು. ೨೦೨೦ನೆಯ ಇಸವಿಯ ಫೆಬ್ರವರಿ ೧೯ರಂದು ಅದರ ಸಮೀಪದಲ್ಲಿ ತರಬೇತಿಯ ಎರಡು ವಿಮಾನಗಳು ಮೋಡಗಳ ನಡುವೆ ಢಿಕ್ಕಿ ಹೊಡೆದು ನಾಲ್ವರು ವೈಮಾನಿಕರು ಮಡಿದರು. ಒಂದೊಂದರಲ್ಲಿಯೂ ಒಬ್ಬ ಅನುಭವಿಯಿದ್ದನು. ಎರಡು ವಿಮಾನಗಳೂ ತಮ್ಮ ಸ್ಥಾನವನ್ನು ಸಾರುತ್ತಲೇ ಇದ್ದುವು. ಎರಡರಲ್ಲಿಯೂ ಆಲಿಸುವ ಯಂತ್ರವಿರಲಿಲ್ಲ. ಒಬ್ಬರ ದನಿಯು ದೂರದ ನೆಲದ ಕೇಂದ್ರಕ್ಕೆ ಕೇಳಿಸಿತು, ಕೆಲವೇ ಮೈಲಿಗಳಾಚೆಯಿದ್ದ ಇನ್ನೊಬ್ಬರಿಗೆ ಕೇಳಿಸಲಿಲ್ಲ. ಆ ದೇಶದ ವಿಚಾರಣಾ ಮಂಡಲಿಯವರು, ಸಣ್ಣ ವಿಮಾನಗಳವರು ಆಲಿಸುವ ಯಂತ್ರವನ್ನಿಟ್ಟುಕೊಳ್ಳಬೇಕೆಂದು ಬಲವಾಗಿ ಬೋಧಿಸಿದರು. ಸಣ್ಣ ವಿಮಾನಗಳ ಒಡೆಯರಿಗೆ ಯಂತ್ರದ ಬೆಲೆಯಲ್ಲಿ ಅರ್ಧದವರೆಗೆ ಸರ್ಕಾರದವರೇ ಮರಳಿ ಕೊಡುವ ಏರ್ಪಾಡನ್ನೂ ಆ ದೇಶದಲ್ಲಿ ೨೦೨೨ರಲ್ಲಿ ಮಾಡಿದರು.

ನುಡಿಯದೆ ಹಾರಿದರೆ ಏನಾದೀತೆಂಬುದಕ್ಕೂ ಉದಾಹರಣೆ ದೂರವಿಲ್ಲ. ೨೦೨೫ನೆಯ ಇಸವಿಯ ಜನವರಿ ೨೯ರ ರಾತ್ರಿ ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ, ನಿಲ್ದಾಣದ ಹೊಸ್ತಿಲಲ್ಲಿಯೇ, ಇಳಿಯುತ್ತಿದ್ದ ಪ್ರಯಾಣಿಕರ ವಿಮಾನಕ್ಕೂ ಸೈನ್ಯದ ಹೆಲಿಕಾಪ್ಟರಿಗೂ ಢಿಕ್ಕಿಯಾಗಿ ೬೭ ಜನರು ಸತ್ತರು. ಕಾರಣಗಳು ಹಲವು. ಆದರೆ ಆ ಹೆಲಿಕಾಪ್ಟರಿನ ಎ.ಡಿ.ಎಸ್.-ಬಿ. ಪ್ರಸಾರವು ಆಗ ನಡೆಯುತ್ತಿರಲಿಲ್ಲವೆಂಬುದು ವಿಚಾರಣೆಯಲ್ಲಿ ಹೊರಬಿದ್ದಿತು. ನೆಲಕ್ಕೆ ಸಮೀಪವಾಗಿರುವಾಗ ಢಿಕ್ಕಿ ನಿವಾರಕ ಯಂತ್ರವು ‘ಏರು’, ‘ಇಳಿ’ ಎಂಬ ಆಜ್ಞೆಗಳನ್ನು ಕೊಡದಂತೆ ತಡೆದಿಟ್ಟಿರುತ್ತಾರೆ. ಏಕೆಂದರೆ ಅಲ್ಲಿ ಇಳಿಯೆಂದರೆ ನೆಲವೇ ಗತಿ. ಆದುದರಿಂದ ಜನನಿಬಿಡವಾದ ನಿಲ್ದಾಣದ ಬಾಗಿಲಿನಲ್ಲಿಯೇ ಆ ಯಂತ್ರದ ಕೈ ಕಟ್ಟಿದಂತಿರುತ್ತದೆ. ಅಲ್ಲಿ ಇತರರು ಎಲ್ಲಿರುವರೆಂಬುದನ್ನು ಚಾಲಕನು ಮೊದಲೇ ತಿಳಿದಿರುವುದೊಂದೇ ರಕ್ಷೆ.

ನಮ್ಮ ರಾಜ್ಯದ ರಾಜಧಾನಿಯೂ ಇಂತಹ ಗಂಡಾಂತರದ ಅಂಚಿಗೆ ಹೋಗಿ ಬಂದಿದೆ. ೨೦೨೨ರ ಜನವರಿಯಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ಕಲ್ಕತ್ತೆಗೆ ಹೊರಟ ಒಂದು ವಿಮಾನವೂ ಭುವನೇಶ್ವರಕ್ಕೆ ಹೊರಟ ಇನ್ನೊಂದೂ, ಪಕ್ಕಪಕ್ಕದ ಎರಡು ರನ್‌ವೇಗಳಿಂದ ಒಂದೇ ಕಾಲಕ್ಕೆ ಮೇಲೆದ್ದು, ಒಂದರ ಹಾದಿಗೆ ಒಂದು ಕೂಡುವ ದಿಕ್ಕಿನಲ್ಲಿ ಸಾಗಿದುವು. ಎರಡರಲ್ಲಿಯೂ ಸೇರಿ ನಾನ್ನೂರಕ್ಕೂ ಹೆಚ್ಚು ಜನರಿದ್ದರು. ದಕ್ಷಿಣದ ರನ್‌ವೇಯನ್ನು ನಿಲ್ಲಿಸಬೇಕೆಂದು ಆದ ತೀರ್ಮಾನವು ಅದನ್ನು ನೋಡಿಕೊಳ್ಳುವ ಅಧಿಕಾರಿಗೆ ಮುಟ್ಟಿರಲಿಲ್ಲ. ರೇಡಾರಿನ ಮುಂದೆ ಕುಳಿತಿದ್ದ ಅಧಿಕಾರಿಯು ಕಂಡು, ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ಅನಾಹುತವು ತಪ್ಪಿತು. ಆ ಒಂದು ಜೊತೆ ಕಣ್ಣುಗಳಿಗೆ ನಾಡು ಋಣಿಯಾಗಿದೆ. ಆದರೆ ಈ ಪ್ರಸಂಗವು ದಿನಚರಿಯ ಪುಸ್ತಕದಲ್ಲಿ ದಾಖಲಾಗಿಯೇ ಇರಲಿಲ್ಲವೆಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ತಪ್ಪಿದ ಅಪಘಾತವನ್ನು ಮರೆಮಾಚುವುದೆಂದರೆ ಬರಲಿರುವ ಅಪಘಾತಕ್ಕೆ ದಾರಿಯನ್ನು ಗುಡಿಸಿಡುವುದೆಂದೇ ಅರ್ಥ.

ಬೆಂಗಳೂರಿನಲ್ಲಿ ಕಾಯುವ ಕಣ್ಣುಗಳು ಬಹಳ. ಮಂಡಕಳ್ಳಿಯಂತಹ ಸಣ್ಣ ನಿಲ್ದಾಣದ ಸುತ್ತ, ಕೆಲವೇ ಸಾವಿರ ಅಡಿಗಳ ಎತ್ತರದಲ್ಲಿ, ಹತ್ತಾರು ಗಂಟೆಗಳ ಅನುಭವವಷ್ಟೇ ಇರುವ ಅಭ್ಯಾಸಿಯು ಸುತ್ತು ಹೊಡೆಯುತ್ತಿರುವಾಗ ಅವನ ರಕ್ಷೆಯು ಬಹುಮಟ್ಟಿಗೆ ರೇಡಿಯೋದಲ್ಲಿ ಕೇಳುವ ಮಾತು ಮತ್ತು ಅವನ ಕಣ್ಣು. ಗಂಟೆಗೆ ೧೮೦ ಕಿಲೋಮೀಟರಿನಂತೆ ಹೋಗುವ ಎರಡು ತರಬೇತಿ ವಿಮಾನಗಳು ಎದುರಾದರೆ ಒಂದು ಕಿಲೋಮೀಟರು ಹತ್ತೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಇಳಿಬಿಸಿಲು ಕಣ್ಣಿಗೆ ಹೊಡೆಯುವ ಹೊತ್ತಿನಲ್ಲಿ, ಮುಂಗಾರಿನ ಮೋಡಗಳು ಕವಿದ ದಿನಗಳಲ್ಲಿ, ಆ ಹತ್ತು ಸೆಕೆಂಡುಗಳಲ್ಲಿ ಎಷ್ಟು ಉಳಿದಾವು? ರನ್‌ವೇಯು ಉದ್ದವಾಗಿ ವೇಗದ ಜೆಟ್ ವಿಮಾನಗಳೂ ಇಲ್ಲಿಗೆ ಬಂದ ದಿನ ಈ ಪ್ರಶ್ನೆಯು ಇನ್ನೂ ಕಠಿಣವಾಗುವುದು.

ಈ ಸಲಹೆಗೆ ಬರಬಹುದಾದ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಮೊದಲನೆಯದು ವೆಚ್ಚ. ವಿಮಾನಕ್ಕೆ ಕಾಯಂ ಆಗಿ ಜೋಡಿಸುವ ಯಂತ್ರವು ದುಬಾರಿಯೆಂಬುದು ನಿಜ. ಆದರೆ ಕೈಯಲ್ಲಿ ಹಿಡಿಯುವಷ್ಟು ಪುಟ್ಟದಾದ, ಗಾಜಿಗೆ ಅಂಟಿಸಿ ಕೈಫಲಕದಲ್ಲಿ ಚಿತ್ರವನ್ನು ನೋಡಬಹುದಾದ ಗ್ರಾಹಕಗಳು ಪಾಶ್ಚಾತ್ಯ ದೇಶಗಳಲ್ಲಿ ಕೆಲವು ನೂರು ಡಾಲರುಗಳಿಗೆ ದೊರೆಯುತ್ತಿವೆ. ಒಬ್ಬ ವಿದ್ಯಾರ್ಥಿಯನ್ನು ವೈಮಾನಿಕನನ್ನಾಗಿ ಮಾಡಲು ಅವನ ತಂದೆತಾಯಿಗಳು ಮನೆಮಠಗಳನ್ನು ಅಡವಿಟ್ಟು ಅನೇಕ ಲಕ್ಷ ರೂಪಾಯಿಗಳನ್ನು ಕಟ್ಟುತ್ತಾರೆ. ಆ ಮೊಬಲಗಿನ ಮುಂದೆ ಈ ಯಂತ್ರದ ಬೆಲೆಯು ಯಾವ ಲೆಕ್ಕ?

ಎರಡನೆಯ ಆಕ್ಷೇಪಣೆಯು ಇದಕ್ಕಿಂತ ಗಟ್ಟಿಯಾದುದು. ಈ ಪ್ರಸಾರವು ಉಪಗ್ರಹದ ಸಂಕೇತವನ್ನವಲಂಬಿಸಿದೆ. ಆ ಸಂಕೇತವನ್ನು ದುಷ್ಟರು ಕೆಡಿಸಬಹುದು, ಸುಳ್ಳು ಸಂಕೇತವನ್ನೂ ಬಿಡಬಹುದು. ಯುದ್ಧ ನಡೆಯುವ ಪ್ರದೇಶಗಳ ಸಮೀಪದಲ್ಲಿ ಇದು ನಡೆಯುತ್ತಲೇ ಇದೆ. ೨೦೨೫ರಲ್ಲಿ ದೆಹಲಿಯ ಸಮೀಪದಲ್ಲಿಯೂ ಇದು ಕಂಡುಬಂದಿತು. ಪ್ರಸಾರದ ಸಂದೇಶಕ್ಕೆ ಮುದ್ರೆಯೂ ಇಲ್ಲ, ಗುಪ್ತ ಲಿಪಿಯೂ ಇಲ್ಲ. ಇದೆಲ್ಲವೂ ದಿಟ. ಆದಕಾರಣ ರೇಡಾರನ್ನು ಕಿತ್ತುಹಾಕಬೇಕೆಂದು ನಾವು ಹೇಳುವುದಿಲ್ಲ, ಕಣ್ಣನ್ನು ಮುಚ್ಚಿಕೊಳ್ಳಬೇಕೆಂದೂ ಹೇಳುವುದಿಲ್ಲ. ಬಾಗಿಲಿಗೆ ಅಗುಳಿಯಿದ್ದರೂ ಬೀಗವನ್ನು ಹಾಕುತ್ತೇವೆ. ಬೀಗವಿದ್ದರೂ ನಾಯಿಯನ್ನು ಸಾಕುತ್ತೇವೆ. ಒಂದು ಸೋತಲ್ಲಿ ಇನ್ನೊಂದು ಕಾಯಬೇಕು. ಯಂತ್ರದ ಚಿತ್ರವನ್ನೇ ನೋಡುತ್ತ ಹೊರಗೆ ನೋಡುವುದನ್ನು ಮರೆಯುವ ಅಭ್ಯಾಸಿಗೆ ಗುರುವಾದವನು ತಿದ್ದಿ ಹೇಳಬೇಕಾದುದೂ ಅಷ್ಟೇ ಅಗತ್ಯ.

ಡ್ರೋನುಗಳ ವಿಚಾರವನ್ನೂ ಇಲ್ಲಿ ಹೇಳಿಬಿಡಬೇಕು. ೨೦೨೪ರ ದಸರೆಯಲ್ಲಿ ಬನ್ನಿಮಂಟಪದ ಮೇಲೆ ನೂರಾರು ಡ್ರೋನುಗಳು ಚಿತ್ರಗಳನ್ನು ಬಿಡಿಸಿದುದನ್ನು ನಮ್ಮ ನಾಗರಿಕರು ಕಂಡು ಸಂತೋಷಪಟ್ಟರು. ಅವೂ ಎ.ಡಿ.ಎಸ್.-ಬಿ. ಯಂತ್ರವನ್ನಿಟ್ಟು ಸಾರಲಿ ಎಂದು ಯಾರಾದರೂ ಕೇಳಿಯಾರು. ಅದು ಸಲ್ಲದು. ಅಲೆಯು ಒಂದೇ, ಅದರಲ್ಲಿರುವ ಅವಕಾಶವೂ ಮಿತವಾದುದು. ಸಾವಿರ ಡ್ರೋನುಗಳು ಒಮ್ಮೆಗೆ ಕೂಗತೊಡಗಿದರೆ ವಿಮಾನದ ದನಿಯೇ ಮುಳುಗಿಹೋದೀತು. ಈ ಕಾರಣದಿಂದಲೇ ಅಮೆರಿಕದಲ್ಲಿ ಸಣ್ಣ ಡ್ರೋನುಗಳಿಗೆ ಈ ಪ್ರಸಾರವನ್ನು ನಿಷೇಧಿಸಿದ್ದಾರೆ. ಅವುಗಳಿಗೆ ಬೇರೆ ಗುರುತಿನ ವ್ಯವಸ್ಥೆ ಬೇಕು, ನಿಲ್ದಾಣದಿಂದ ದೂರವಿಡುವ ಕಟ್ಟುಪಾಡು ಬೇಕು.

ಮೂರನೆಯ ಮಾತು ಸ್ವಾವಲಂಬನೆಯದು. ವಿದೇಶದ ಪೆಟ್ಟಿಗೆಯನ್ನು ತಂದು ತಲೆಯ ಮೇಲೆ ಹೊರುವುದೇ ಪ್ರಗತಿಯೇ ಎಂದು ದೇಶಾಭಿಮಾನಿಗಳು ಕೇಳುವುದು ಸಹಜ. ವಿಮಾನವನ್ನು ಕಟ್ಟುವ ವಿದ್ಯೆಗೆ ಭಾರತದಲ್ಲಿ ಬುನಾದಿ ಬಿದ್ದುದೇ ಮೈಸೂರು ಸಂಸ್ಥಾನದಲ್ಲಿ. ೧೯೪೦ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರ ಉದ್ಯಮದೊಡನೆ ಮೈಸೂರು ಸರ್ಕಾರದವರು ಕೈಗೂಡಿಸಿ, ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಗೆ ನೆಲವನ್ನೂ ಬಂಡವಾಳವನ್ನೂ ಒದಗಿಸಿದರು. ಇಂದು ಅದೇ ಬೆಂಗಳೂರಿನಲ್ಲಿ ರೇಡಾರುಗಳನ್ನು ತಯಾರಿಸುವ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯುಂಟು, ‘ಹಂಸ’ ಎಂಬ ತರಬೇತಿ ವಿಮಾನವನ್ನು ರಚಿಸಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವುಂಟು. ಗಗನ್ ವ್ಯವಸ್ಥೆಯನ್ನೇ ಕಟ್ಟಿದವರಿಗೆ, ಅದರ ಸಂಕೇತವನ್ನು ಹಿಡಿದು ನುಡಿಯುವ ಮತ್ತು ಆಲಿಸುವ ಅಗ್ಗದ ಪೆಟ್ಟಿಗೆಯೊಂದನ್ನು ಮಾಡುವುದು ಅಸಾಧ್ಯವಾದ ಕೆಲಸವಲ್ಲ. ಮಾಡೆಂದು ಹೇಳುವವರು ಬೇಕು, ಮಾಡಿದ್ದನ್ನು ಕೊಳ್ಳುವವರು ಬೇಕು.

ಆದುದರಿಂದ ನಮ್ಮ ಸಲಹೆಗಳು ಇವು. ಪ್ರಯಾಣಿಕರ ವಿಮಾನಗಳು ಬಂದುಹೋಗುವ ಯಾವುದೇ ನಿಲ್ದಾಣದಿಂದ ಹಾರುವ ತರಬೇತಿ ವಿಮಾನಕ್ಕೂ, ನುಡಿಯುವ ಮತ್ತು ಆಲಿಸುವ ಯಂತ್ರಗಳೆರಡೂ ಗೊತ್ತಾದ ಅವಧಿಯೊಳಗೆ ಇರತಕ್ಕದ್ದೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದವರು ನಿಯಮವನ್ನು ಮಾಡಬೇಕು. ಮಂಡಕಳ್ಳಿಯ ವಿಸ್ತರಣೆಯ ಅಂದಾಜುಪಟ್ಟಿಯಲ್ಲಿ ರನ್‌ವೇಯ ಮಣ್ಣು ಡಾಂಬರುಗಳ ಜೊತೆಗೆ ಈ ವ್ಯವಸ್ಥೆಯೂ ಒಂದು ಬಾಬಾಗಿ ಸೇರಬೇಕು. ಯಂತ್ರಗಳ ಮೇಲಣ ತೆರಿಗೆಯನ್ನು ಇಳಿಸಿಯೋ, ಬೆಲೆಯ ಒಂದು ಪಾಲನ್ನು ಮರಳಿ ಕೊಟ್ಟೋ ಕೇಂದ್ರ ಸರ್ಕಾರದವರು ಸಣ್ಣ ಶಾಲೆಗಳಿಗೆ ನೆರವಾಗಬೇಕು. ಬೆಂಗಳೂರಿನ ಜಕ್ಕೂರಿನಲ್ಲಿರುವ ವೈಮಾನಿಕ ಶಾಲೆಯು ನಮ್ಮ ರಾಜ್ಯ ಸರ್ಕಾರದ ಸ್ವಂತದ್ದು. ಆ ಶಾಲೆಯ ವಿಮಾನಗಳಲ್ಲಿ ಮೊದಲು ಇದನ್ನು ಅಳವಡಿಸಿ ಇತರರಿಗೆ ಮೇಲ್ಪಂಕ್ತಿಯಾಗುವುದಕ್ಕೆ ದೆಹಲಿಯ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ಇಷ್ಟರ ಮೇಲೆ, ತಪ್ಪಿದ ಅಪಘಾತಗಳ ವರದಿಗಳು, ಹೆಸರುಗಳನ್ನು ಬಿಟ್ಟಾದರೂ ಸರಿ, ವರ್ಷ ವರ್ಷವೂ ಪ್ರಕಟವಾಗಬೇಕು; ತಪ್ಪನ್ನು ಒಪ್ಪಿ ವರದಿ ಮಾಡಿದ ನೌಕರನಿಗೆ ಅದರಿಂದ ಕೇಡಾಗಬಾರದು.

ಚರ್ಖಿ ದಾದ್ರಿಯ ಬಳಿಕ ನಿಯಮ ಬಂದಿತು. ಊಬರ್‌ಲಿಂಗೆನ್ನಿನ ಬಳಿಕ ನಿಯಮ ಬಂದಿತು. ವಿಕ್ಟೋರಿಯದ ಮಂಗಳೂರಿನ ಬಳಿಕ ಬುದ್ಧಿ ಬಂದಿತು. ವಿಮಾನಯಾನದ ನಿಯಮಗಳೆಲ್ಲವೂ ಹೀಗೆ ಚಿತೆಯ ಬೆಳಕಿನಲ್ಲಿಯೇ ಬರೆದುವಾಗಬೇಕೆಂಬ ವಿಧಿಯೇನೂ ಇಲ್ಲ. ಬೇರೆಯವರು ತೆತ್ತ ಬೆಲೆಯಿಂದ ಪಾಠ ಕಲಿಯುವ ಅವಕಾಶವು ನಮಗೆ ದೊರೆತಿದೆ. ಅದನ್ನು ಬಳಸಿಕೊಳ್ಳುವುದಕ್ಕೆ ಬೇಕಾದ ವಿದ್ಯೆಯೂ ಯಂತ್ರಶಾಲೆಗಳೂ ನಮ್ಮ ನಾಡಿನಲ್ಲಿಯೇ ಇವೆ. ನಮ್ಮ ಲೋಕಸಭಾ ಸದಸ್ಯರೂ, ಶಾಸಕರೂ, ವಾಣಿಜ್ಯ ಸಂಘದವರೂ ಮಂಡಕಳ್ಳಿಯ ಪರವಾಗಿ ಮುಂದಿನ ಮನವಿಪತ್ರವನ್ನು ಬರೆಯುವಾಗ ರನ್‌ವೇಯ ಉದ್ದದ ಮಾತಿನ ಕೆಳಗೆ ಈ ಒಂದು ಸಾಲನ್ನೂ ಸೇರಿಸಬೇಕೆಂದು ನಾವು ಅರಿಕೆ ಮಾಡಿಕೊಳ್ಳುತ್ತೇವೆ. ಮಗನನ್ನೋ ಮಗಳನ್ನೋ ವೈಮಾನಿಕ ಶಾಲೆಗೆ ಕಳುಹಿಸಿ ಸಂಜೆಯವರೆಗೂ ದಾರಿ ಕಾಯುವ ತಂದೆತಾಯಿಗಳಿಗೆ ಅಷ್ಟನ್ನಾದರೂ ಮಾಡುವುದು ಎಲ್ಲರ ಕರ್ತವ್ಯವಾಗಿದೆ.